ಮುನಿಯಪ್ಪನಿಗೆ ಎರಡನೇ ಹೆಸರಿಲ್ಲ

ಕುರುಡುಮಲೆ ಕಡೆಯ ನಮ್ಮ ಕೇರಿಯ ಮುನಿಯಪ್ಪಣ್ಣನನ್ನು ವಿಮಾನ ಹತ್ತಿಸಲು ನಾನೇ ಕರೆದುಕೊಂಡು ಹೋಗಿದ್ದೆ. ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಹೋದ ಮೇಲೆ ಗಲ್ಫಿನ ಹೋಟೆಲಿಗೆ ಕಸ ಗುಡಿಸಲು ಹೋಗಿದ್ದ ಅವನ ಮಗಳು ಲಕ್ಷ್ಮಿ, ಮಹಡಿಯಿಂದ ಬಿದ್ದು ಆಸ್ಪತ್ರೆಯಲ್ಲಿದ್ದಳು. ಉಳಿಯುವುದು ಕಷ್ಟ, ಬೇಗ ಬನ್ನಿ ಎಂದು ಫೋನ್ ಬಂದಿತ್ತು. ವೀಸಾ, ಟಿಕೆಟ್ ಎರಡೂ ಕೈಯಲ್ಲಿದ್ದವು.

ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತಿರುವಿ, "ಇವರ ಎರಡನೇ ಹೆಸರೇನು ಸರ್?" ಅಂದಳು.

"ಎರಡನೇದು ಎಲ್ಲಿಂದ ತರಲಿ ತಾಯೀ? ನಮ್ಮಪ್ಪ ಇಟ್ಟಿದ್ದೇ ಒಂದು" ಅಂದ ಮುನಿಯಪ್ಪ.

"ವೀಸಾ ಇದ್ರೂ ಒಂದೇ ಹೆಸರಿದ್ದವರನ್ನ ಆ ದೇಶ ಒಳಗೆ ಬಿಡಲ್ಲ. ನಾವು ಹತ್ತಿಸಿದ್ರೂ ವಾಪಸ್ ಕಳಿಸ್ತಾರೆ."

ನನಗೆ ತಡೆಯಲಾಗಲಿಲ್ಲ. "ಗೌಡ, ರೆಡ್ಡಿ, ರಾವ್ ಅನ್ನೋರ ಮಕ್ಕಳು ಮಾತ್ರ ಆಸ್ಪತ್ರೆ ಸೇರ್ತಾರೇನಮ್ಮಾ? ನಮ್ಮ ಕೇರೀಲಿ ಯಾರೂ ಹೆಸರಿಗೆ ಜಾತಿ ಅಂಟಿಸ್ಕೊಂಡಿಲ್ಲ. ಊರವರು ಅಂಟಿಸ್ತಾರೆ, ಬಯ್ಯುವಾಗ!"

"ಅದನ್ನೇ ಪಾಸ್‌ಪೋರ್ಟಲ್ಲಿ ಹಾಕಿಸಬೇಕಿತ್ತು ಸರ್" ಅಂದಳು, ಏನೂ ಅರ್ಥವಾಗದೆ.

ಮುನಿಯಪ್ಪ ನನ್ನ ತೋಳು ಹಿಡಿದ. "ಜಗಳ ಬೇಡಪ್ಪಾ. ಏನಾದ್ರೂ ಒಂದು ಬರ್ಕೊಳ್ಳಿ ಅನ್ನು. ಆ ಬೈಗುಳಾನೇ ಬರ್ಕೊಳ್ಳಲಿ."

ಬರೆದುಕೊಳ್ಳಲಿಲ್ಲ. ವಿಮಾನ ಹೋಯಿತು.

ಹೆಸರು ತಿದ್ದಿಸಲು ನಾವು ಕಚೇರಿ ಅಲೆಯುತ್ತಿದ್ದಾಗಲೇ ಲಕ್ಷ್ಮಿ ತೀರಿಕೊಂಡಳು. ಅದೇ ವಿಮಾನ ನಿಲ್ದಾಣದಲ್ಲಿ, ಸರಕು ಇಳಿಸುವ ಬಾಗಿಲಿನಿಂದ ಅವಳ ಪೆಟ್ಟಿಗೆಯನ್ನು ತೆಗೆದುಕೊಂಡೆವು. ಮೇಲಿನ ಚೀಟಿಯಲ್ಲಿ 'ಲಕ್ಷ್ಮಿ ಮುನಿಯಪ್ಪ' ಎಂದಿತ್ತು. ಮಗಳನ್ನು ಕೂಲಿಗೆ ಕಳಿಸಿದ ಏಜೆಂಟ್, ಪಾಸ್‌ಪೋರ್ಟಿನಲ್ಲಿ ಎರಡನೇ ಹೆಸರು ಬೇಕೆಂದು ಅಪ್ಪನ ಹೆಸರನ್ನೇ ಸೇರಿಸಿದ್ದನಂತೆ.

ಹಾಗಾದರೆ ಮುನಿಯಪ್ಪ ಹೆಸರಾಗಿ ಆ ದೇಶಕ್ಕೆ ಮೊದಲೇ ಹೋಗಿದ್ದ. ಕಸ ಗುಡಿಸುವವಳ ಜೊತೆ ಹೋಗಿದ್ದರಿಂದ ಯಾರೂ ತಡೆದಿರಲಿಲ್ಲ.