ಗಾಸ್ಪರೆಯನ್ನು ಕರೆತಂದವಳು

ಲೊರೆದಾನಾ ಗಿರೆಲ್ಲಿಗೆ ಊರು ಎರಡು ಹೆಸರಿಟ್ಟಿತ್ತು. ಒಂದು, ಬೆಳಗ್ಗೆ ಕಾಫಿ ಬಾರಿನೊಳಗೆ ಕಾಲಿಟ್ಟರೆ ಮಾಲೀಕ ನೆಲ್ಲೋ ಕೂಗುತ್ತಿದ್ದದ್ದು: "ಬಂದ್ಲಪ್ಪಾ ಕೋತಿ ಟೀಚರು! ಇವತ್ತೇನಮ್ಮಾ ಪಾಠ, ಮಗ್ಗಿನಾ?" ಇನ್ನೊಂದು, ಒಂದು ದಿನ ಅವಳ ಮನೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಕಾಣಿಸಿಕೊಂಡದ್ದು: ಕಟುಕಿ.

ಪೊ ನದಿಯ ಬಯಲಿನ ಆ ಊರಲ್ಲಿ ಅವಳು ಮೊದಲು ಮಾಂಸ ಕೆಡದಂತೆ ಹಂದಿತೊಡೆಗೆ ಉಪ್ಪು ತಿಕ್ಕುವ ಕಾರ್ಖಾನೆಯಲ್ಲಿದ್ದಳು. ಉಪ್ಪು ತಿಂದು ಬೆರಳ ಸಂದಿಯೆಲ್ಲ ಬಿರಿದಾಗ ಅದನ್ನು ಬಿಟ್ಟು, ಪ್ರಯೋಗಾಲಯವೊಂದರಲ್ಲಿ ಪಂಜರ ತೊಳೆಯಲು ಸೇರಿದಳು. ಅಲ್ಲಿ ಪ್ರೊಫೆಸರ್ ವಾಲ್ಮರಿನ್ ಕೋತಿಗಳ ಮೆದುಳಿನ ಚಿತ್ರ ತೆಗೆಯುತ್ತಿದ್ದ. ಮನಸ್ಸು ಎಳೆದ ಕಡೆ ಹೋಗದೆ ತಡೆದುಕೊಳ್ಳುತ್ತೇವಲ್ಲ, ಆ ತಡೆ ತಲೆಯ ಯಾವ ಮೂಲೆಯಿಂದ ಬರುತ್ತದೆ ಅನ್ನುವುದು ಅವನ ಹುಡುಕಾಟ. ಪರದೆಯ ಮೇಲೆ ಹಸಿರು ಚುಕ್ಕೆ ಬಂದರೆ ಕೋತಿ ಅತ್ತ ನೋಡಬೇಕು. ಅಷ್ಟರಲ್ಲಿ ಕೆಂಪು ಮೂಡಿದರೆ ಕಣ್ಣು ಅಲ್ಲಾಡಿಸಬಾರದು. ತಡೆದುಕೊಂಡರೆ ಬಾಯಿಗೆ ಹಣ್ಣಿನ ರಸ. ಇದೆಲ್ಲ ನಡೆಯುವುದು ಗಡಗಡ ಸದ್ದು ಮಾಡುವ ಎಂಆರ್‌ಐ ಯಂತ್ರದ ಕೊಳವೆಯೊಳಗೆ, ತಲೆ ಬಿಗಿಸುವ, ಗಾಲಿಯಿರುವ ಕುರ್ಚಿಯಲ್ಲಿ.

ಕೋತಿಗಳನ್ನು ಆ ಕುರ್ಚಿಗೆ ಒಗ್ಗಿಸುವ ಕೆಲಸ ಬರಬರುತ್ತಾ ಲೊರೆದಾನಾಳ ಪಾಲಿಗೆ ಬಂತು. ಎಲ್ಲಕ್ಕಿಂತ ಮೊಂಡ ಗಾಸ್ಪರೆ. ಅವಳ ಹೆಬ್ಬೆರಳಿಗೆ ಮೂಳೆ ಕಾಣುವಂತೆ ಕಚ್ಚಿದ್ದ. ಬೈಯುತ್ತಾ, ರಮಿಸುತ್ತಾ, ಯಂತ್ರದ ಸದ್ದನ್ನು ರೆಕಾರ್ಡ್ ಮಾಡಿ ಊಟದ ಹೊತ್ತಿಗೆ ಕೇಳಿಸುತ್ತಾ, ವರ್ಷ ಕಳೆಯುವುದರೊಳಗೆ ಅವನನ್ನು ದಾರಿಗೆ ತಂದಳು. ಕೊನೆಗೆ ಅವನೇ ಬಂದು ಕುರ್ಚಿ ಏರುತ್ತಿದ್ದ, ಸೂಜಿ ಹಾಕಬೇಕಾದರೆ ತೊಡೆ ಚಾಚುತ್ತಿದ್ದ. ಆದರೆ ಅವಳೊಬ್ಬಳಿಗೆ ಮಾತ್ರ. ಬೇರೆಯವರು ಬಾಗಿಲು ತೆಗೆದರೆ ಮೂಲೆ ಸೇರಿ ಹಲ್ಲು ಕಿರಿಯುತ್ತಿದ್ದ.

ಮನೆಯಲ್ಲಿದ್ದವಳು ಅಣ್ಣನ ಮಗಳು ಮಿರ್ತಾ. ತಾಯಿ ಬಿಟ್ಟುಹೋದ ಮಗುವನ್ನು ಸಾಕಿದವಳು ಈ ಅತ್ತೆಯೇ. ಚಿಕ್ಕವಳಿದ್ದಾಗ ಗಾಸ್ಪರೆಯ ಕತೆ ಕೇಳದೆ ಮಲಗುತ್ತಿರಲಿಲ್ಲ. ಕಾಲೇಜಿಗೆ ಹೋದ ಮೇಲೆ ಮಾಂಸ ಬಿಟ್ಟಳು, ಆಮೇಲೆ ಪ್ರಾಣಿಗಳ ಪರ ಹೋರಾಡುವ ಸಂಘವೊಂದನ್ನು ಸೇರಿ ಪ್ರಯೋಗಾಲಯದ ಗೇಟಿನ ಮುಂದೆ ಫಲಕ ಹಿಡಿದು ನಿಂತಳು. ಗೋಡೆಯ ಮೇಲೆ ಆ ಪದ ಬಂದ ದಿನ ಲೊರೆದಾನಾ ಬಕೆಟ್ ಹಿಡಿದು ತಿಕ್ಕುತ್ತಾ ಕೇಳಿದಳು, "ನೀನೇ ಬರೆದದ್ದಾ?"

"ನಾನಲ್ಲ. ನಮ್ಮವರು. ವಿಳಾಸ ಕೊಟ್ಟಿದ್ದು ನಾನು."

"ಇದು ನಿನ್ನ ಮನೆ ಕೂಡ ಅಲ್ವೇನೇ?"

"ಇನ್ಮೇಲೆ ಅಲ್ಲ ಬಿಡು ಅತ್ತೆ," ಅಂದವಳು ಆ ವಾರವೇ ಗಂಟು ಕಟ್ಟಿದಳು.

ಗಲಾಟೆ ಏರಿತು. ಪ್ರಯೋಗಾಲಯದ ಪರವಾನಗಿ ಮುಗಿದಾಗ ಯಾರೂ ಮುಂದುವರಿಸಲಿಲ್ಲ. ವಾಲ್ಮರಿನ್‌ಗೆ ವಿದೇಶದಲ್ಲಿ ದೊಡ್ಡ ಹುದ್ದೆ ಸಿಕ್ಕಿತ್ತು. ಕೋತಿಗಳನ್ನು ಬೆಟ್ಟದ ಕಡೆಯ ಒಂದು ಆಶ್ರಯಧಾಮ ಸೇರಿಸಿಕೊಳ್ಳುವುದೆಂದಾಯಿತು. ಲೊರೆದಾನಾ ಗಾಸ್ಪರೆಗೆ ಹಳೆಯ ಕಂಬಳಿಯೊಂದನ್ನು ಒಗೆದು ಮಡಿಸಿಟ್ಟಿದ್ದಳು. ಅದನ್ನು ನೋಡಿ ಪ್ರೊಫೆಸರ್ ಅವಳನ್ನು ಕೋಣೆಗೆ ಕರೆದ.

"ಲೊರೆದಾನಾ, ಗಾಸ್ಪರೆ ಹೋಗಲ್ಲ. ಬೇರೆಯವು ಹೋಗ್ತವೆ. ಇವನ ಮೆದುಳು ತೆಗೆದು, ಪದರ ಪದರವಾಗಿ ಕೊಯ್ದು ಚಿತ್ರದ ಜತೆ ತಾಳೆ ನೋಡ್ಬೇಕು. ಇಲ್ಲದಿದ್ರೆ ಇಷ್ಟು ವರ್ಷ ತೆಗೆದ ಚಿತ್ರಕ್ಕೆ ಆಧಾರವೇ ಇಲ್ಲ."

"ಇದನ್ನ ಈಗ ಹೇಳ್ತೀರಾ?"

"ನೀವು ಸೇರಿದಾಗಲೇ ಹೇಳಿದ್ದೆ."

ಹೇಳಿದ್ದ, ನಿಜ. ಅವಳು ಕೇಳಿಸಿಕೊಂಡೂ ಇದ್ದಳು. ಆಗ ಅದು ಯಾವುದೋ ಒಂದು ಕೋತಿ. ಆ ಮಾತು ಮತ್ತೆ ತಲೆಯೆತ್ತದಂತೆ ಅವಳೇ ಅದುಮಿಟ್ಟಿದ್ದಳು.

"ಬಲೆ ಹಾಕಿ ಹಿಡೀಬಹುದು," ಅಂದ ಅವನು, ಕಿಟಕಿಯ ಕಡೆ ನೋಡುತ್ತಾ. "ಆದ್ರೆ ತುಂಬಾ ಹೆದರ್ತಾನೆ. ನೀವು ಕರೆತಂದ್ರೆ..."

"ನಿಮಗೆ ನಾಚಿಕೆ ಆಗಲ್ವಾ, ಪ್ರೊಫೆಸರ್?"

"ಆಗತ್ತೆ," ಅಂದ. ಅವಳಿಗೆ ಬೇಕಾಗಿದ್ದದ್ದು ಆ ಉತ್ತರವಲ್ಲ. ಆಗಲ್ಲ ಅಂದಿದ್ದರೆ ಮೇಜಿನ ಮೇಲಿದ್ದದ್ದನ್ನೆಲ್ಲ ಅವನ ಮುಖಕ್ಕೆ ಬಿಸಾಡಿ ಹೊರಟುಬಿಡುತ್ತಿದ್ದಳು.

ಅವಳೇ ಕರೆತಂದಳು. ಗಾಸ್ಪರೆ ಎಂದಿನಂತೆ ಕುರ್ಚಿ ಏರಿದ, ಅವಳ ಅಂಗಿತೋಳಿನ ಗುಂಡಿಯೊಂದನ್ನು ಹಿಡಿದು ಎಳೆದಾಡಿದ, ಸೂಜಿಗೆ ತೊಡೆ ಚಾಚಿದ. ಕಣ್ಣು ಮುಚ್ಚುವ ತನಕ ಅವಳು ರಸ ಕುಡಿಸುತ್ತಲೇ ಇದ್ದಳು. ಆಮೇಲೆ ಮಡಿಸಿಟ್ಟಿದ್ದ ಕಂಬಳಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ಹೋದಳು.

ಅವಳು ಗಾಸ್ಪರೆಯನ್ನು ಕುರ್ಚಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದ ಫೋಟೋ ಅದು ಹೇಗೋ ಹೊರಬಿದ್ದು, ಮಿರ್ತಾಳ ಸಂಘದವರ ಪೋಸ್ಟರಿನಲ್ಲಿ ಊರೆಲ್ಲ ಅಂಟಿಕೊಂಡಿತು. ಪ್ರೊಫೆಸರ್ ಅಷ್ಟು ಹೊತ್ತಿಗೆ ವಿಮಾನ ಹತ್ತಿದ್ದ. ಬಾರಿಗೆ ಹೋದರೆ ನೆಲ್ಲೋ ತಮಾಷೆ ಮಾಡಲಿಲ್ಲ. ಕಾಫಿ ಮುಂದಿಟ್ಟು ಲೋಟ ಒರೆಸುತ್ತಾ ತಿರುಗಿಕೊಂಡ. ಅವಳು ಆ ಬಾರಿಗೆ ಹೋಗುವುದನ್ನು ಬಿಟ್ಟಳು.

ಚಳಿ ಶುರುವಾಗುವಾಗ, ಉಳಿದ ಕೋತಿಗಳನ್ನಾದರೂ ನೋಡೋಣವೆಂದು ಬಸ್ ಹತ್ತಿ ಆಶ್ರಯಧಾಮಕ್ಕೆ ಹೋದಳು. ಗೇಟಿನಲ್ಲಿ ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದವಳು ಮಿರ್ತಾ; ಈಗ ಅಲ್ಲೇ ಕೆಲಸಕ್ಕಿದ್ದಳು.

"ನಿನ್ನನ್ನ ಒಳಗೆ ಬಿಡೋ ಹಾಗಿಲ್ಲ, ಅತ್ತೆ."

"ದೂರದಿಂದ ನೋಡ್ತೀನಿ."

"ಬೇಡ. ನಿನ್ನ ದನಿ ಕೇಳಿದ್ರೆ ಕುರ್ಚಿ ನೆನಪಾಗತ್ತೆ ಅವಕ್ಕೆ." ಚಿಲಕಕ್ಕೆ ಕೈ ಹಾಕುತ್ತಾ ಅಂದಳು, "ಗಾಸ್ಪರೆ ನಿನ್ನನ್ನ ನಂಬಿದ್ದ."

"ನಂಬಿದ್ದ. ಅದಕ್ಕೇ ಹೆದರಲಿಲ್ಲ."

"ಆ ಮಾತು ನಿನಗೆ ಸಮಾಧಾನ ಕೊಡತ್ತಾ?"

"ಇಲ್ಲ ಕಣೇ."

ಮಿರ್ತಾ ಗೇಟಿನ ಚಿಲಕ ಹಾಕಿದಳು. ಊರಿಗೆ ಮರಳುವ ಬಸ್ ಸಂಜೆಗೆ ಮಾತ್ರ ಇತ್ತು. ಲೊರೆದಾನಾ ರಸ್ತೆ ಬದಿಯ ಕಲ್ಲಿನ ಮೇಲೆ ಕಾದು ಕೂತಳು. ಒಳಗೆ ಕೋತಿಗಳು ಕಿರುಚುವುದು ಕೇಳುತ್ತಿತ್ತು. ಯಾವುದು ಯಾವುದರ ದನಿಯೆಂದು ಅವಳಿಗೆ ಗೊತ್ತಿತ್ತು.

ಈಗ ಅವಳು ಮತ್ತೆ ಹಂದಿತೊಡೆಯ ಕಾರ್ಖಾನೆಯಲ್ಲಿದ್ದಾಳೆ. ಅವಳೂ ಮಿರ್ತಾಳೂ ಆಮೇಲೆ ಮಾತಾಡಿಲ್ಲ.