ಬಾಂಡ್ಲಿ ಇಟ್ಟು ಹೋದವರು

ಮೆಜೆಸ್ಟಿಕ್ಕಿನಲ್ಲಿ ಸಂಜೆಯ ದೊಡ್ಡಬಳ್ಳಾಪುರದ ಬಸ್ಸು ಬಂದು ಪೂರ್ತಿ ನಿಲ್ಲುವ ಮುಂಚೆಯೇ ಅದರ ಕಿಟಕಿಗಳೊಳಕ್ಕೆ ಟವೆಲ್‌ಗಳ ಪುಷ್ಪವೃಷ್ಟಿಯಾಗುವುದನ್ನು ನೀವೂ ನೋಡಿರುತ್ತೀರಿ. ಟವೆಲ್ಲಿನ ಒಡೆಯ ಆಮೇಲೆ ನಿಧಾನವಾಗಿ ಟೀ ಕುಡಿದು, ಬೀಡಿ ಸೇದಿ, ಕಡಲೆಕಾಯಿ ಕಟ್ಟಿಸಿಕೊಂಡು ಹತ್ತುತ್ತಾನೆ. ಅಷ್ಟು ಹೊತ್ತೂ ಜೀವವಿರುವ ನಾನು, ಎರಡು ಕಾಲಿರುವ ನಾನು, ಟಿಕೆಟ್ಟಿಗೆ ಚಿಲ್ಲರೆ ಹಿಡಿದುಕೊಂಡಿರುವ ನಾನು, ಒಂದು ಮಾಸಲು ಟವೆಲ್ಲಿನ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿರುತ್ತೇನೆ. ಕಂಡಕ್ಟರನ ಮೂಗಿನ ದನಿಯನ್ನು ಅವನ ಬೆನ್ನ ಹಿಂದೆಯೇ ನಿಂತು ಮಾಡಿ ತೋರಿಸುವ ಧೈರ್ಯ ನನಗಿದೆ. ಟವೆಲ್ಲನ್ನು ಎತ್ತಿ ಪಕ್ಕಕ್ಕಿಡುವ ಧೈರ್ಯವಿಲ್ಲ. ರಾಜಾನುಕುಂಟೆ ದಾಟುವವರೆಗೂ ನಿಂತೇ ಕುದಿಯುತ್ತೇನೆ. ಈ ನಾಡಿನಲ್ಲಿ ಹಾಜರಿರುವ ಮನುಷ್ಯನಿಗಿಂತ ಗೈರುಹಾಜರಾದವನ ಸಾಮಾನಿಗೆ ಮರ್ಯಾದೆ ಹೆಚ್ಚು.

ಈ ಸಿಟ್ಟು ಹಳೆಯದು. ಅದಕ್ಕೆ ಸಿಮೆಂಟು ಮೆತ್ತಿ ಗಟ್ಟಿಮಾಡಿದ್ದು ಒಂದು ಬಾಂಡ್ಲಿ. ಗಾರೆ ಕೆಲಸದವರು ಕಲಸಿದ ಸಿಮೆಂಟನ್ನು ಹೊರುತ್ತಾರಲ್ಲ, ಆ ಕಬ್ಬಿಣದ ಬಾಂಡ್ಲಿ.

ನಮ್ಮದು ನೇಯುವವರ ಮನೆ. ನಡುಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳು. ಕರೆಂಟು ಇರುವಷ್ಟು ಹೊತ್ತೂ ಅವು ಬಡಿದುಕೊಳ್ಳುವ ಸದ್ದಿನಲ್ಲಿ ಮಾತೆಂಬುದು ನಿರರ್ಥಕ ವ್ಯಾಯಾಮ. ಊಟಕ್ಕೆ ಬಾ ಎನ್ನಲು ಬಾಯಿಗೆ ಕೈ, ಲಾಳಿ ಕೊಡು ಎನ್ನಲು ಎರಡು ಬೆರಳು, ನೀನೊಂದು ಕತ್ತೆ ಎನ್ನಲು ಅಪ್ಪ ಕನ್ನಡಕವನ್ನು ಹಣೆಗೇರಿಸಿ ನೋಡುವ ಒಂದು ನೋಟ. ಹೀಗೆ ಮುಖಗಳನ್ನೇ ಓದಿಕೊಂಡು ಬೆಳೆದವನು ಅಣಕಿಸುವವನಾಗದೆ ವಿದ್ವಾಂಸನಾಗುತ್ತಾನೆಯೇ? ಆದರೆ ಅಮ್ಮನಿಗೆ ಸನ್ನೆ ಸಾಲದು, ಮಾತೇ ಬೇಕು. ಅದಕ್ಕಾಗಿ ಇದ್ದದ್ದು ಬೀದಿಯ ಕಡೆಗಿನ ಕಲ್ಲು ಜಗುಲಿ. ಸಂಜೆ ಐದಕ್ಕೆ ರಾಟೆ ಬಿಟ್ಟೆದ್ದು ಅಮ್ಮ ಅಲ್ಲಿ ಕೂತರೆ, ಎದುರು ಮನೆಯ ರತ್ನಮ್ಮನೂ ಬೀದಿಯ ಇನ್ನು ಮೂವರೂ ಬಂದು ಸೇರುತ್ತಿದ್ದರು. ದಿನವೆಲ್ಲ ಸದ್ದಿನೊಳಗೆ ಕೂಡಿಬಿದ್ದ ಮಾತನ್ನು ಒಂದೂವರೆ ಗಂಟೆಯಲ್ಲಿ ಆಡಿ ಮುಗಿಸಿ, ಮುಖ ಹಗುರ ಮಾಡಿಕೊಂಡು ಅಮ್ಮ ಒಳಗೆ ಬರುತ್ತಿದ್ದರು. ಅಷ್ಟೇ ಅವರ ಸ್ವಂತದ ಆಸ್ತಿ.

ಆ ಜಗುಲಿಯ ಮೇಲೆ ಮಾಡು ಇರಲಿಲ್ಲ. ಮಳೆ ಬಂದರೆ ಸಭೆ ಬರಖಾಸ್ತು. ಮೆಟ್ಟಿಲೂ ಎತ್ತರ, ಅಮ್ಮನ ಮಂಡಿಗೆ ಶತ್ರು. ಮೇಲೊಂದು ಹೆಂಚಿನ ಮಾಡು, ಕೆಳಗೆ ಕೆಂಪು ಗಾರೆ ನೆಲ, ತಗ್ಗಿನ ಎರಡು ಮೆಟ್ಟಿಲು ಎಂದು ಅಮ್ಮ ವರ್ಷಗಟ್ಟಲೆ ಹೇಳಿ, ಕಡೆಗೆ ತಾವೇ ಚೀಟಿ ಎತ್ತಿ ಅಪ್ಪನ ಕೈಗೆ ಕೊಟ್ಟರು.

ಅಪ್ಪ ಯೋಜನೆಗೆ ಕೂತರು. ಸೀರೆಯ ಅಂಚಿಗೆ ನಕ್ಷೆ ಬರೆಯುವ ಚೌಕದ ಹಾಳೆಯ ಮೇಲೆ, ಒಂದು ಚೌಕಕ್ಕೆ ಒಂದು ಅಡಿಯಂತೆ ಜಗುಲಿಯನ್ನು ಬರೆದರು. ಕೈಗೆ ಮೂವತ್ತು ವರ್ಷದ ಅಭ್ಯಾಸವಿತ್ತಲ್ಲ, ಎಡಬಲ ಒಂದೇ ಸಮನಾಗಿ, ನಡುವೆ ಸಾಲಾಗಿ ಬುಟ್ಟಾಗಳು ಬಿದ್ದಿದ್ದವು. ಇವೇನು ಎಂದು ಕೇಳಿದೆ. ಕಂಬಗಳು ಎಂದರು. ಒಂದು ಬುಟ್ಟಾ ಸರಿಯಾಗಿ ಬಾಗಿಲಿನ ನಡುಮಧ್ಯೆ ನಿಂತಿತ್ತು. ಆಯವ್ಯಯದ ಪಟ್ಟಿಯೂ ಅಷ್ಟೇ ಕಲಾತ್ಮಕ. ಮರಳು, ಸಿಮೆಂಟು, ಹೆಂಚು, ಕೂಲಿ ಎಲ್ಲವನ್ನೂ ಬಿಗಿಹಿಡಿದು ಬರೆದು, ಕೊನೆಗೆ 'ಇತರೆ' ಎಂಬ ಕಾಲಮ್ಮಿನಲ್ಲಿ ಉಳಿದ ನಾಲ್ಕನ್ನೂ ನುಂಗುವಷ್ಟು ದೊಡ್ಡ ಮೊತ್ತವನ್ನು ಧಾರಾಳವಾಗಿ ಹಾಕಿದ್ದರು.

ಮೊದಲು ಬಂದವರು ಹನುಮಂತಪ್ಪ ಎಂಬ ವಯಸ್ಸಾದ ಮೇಸ್ತ್ರಿ. ಅಳತೆ ತೆಗೆದುಕೊಂಡು, ಅಮ್ಮನನ್ನು ಕರೆದು ಕಾಲು ಎಷ್ಟು ಎತ್ತಲು ಆಗುತ್ತದೆ ಎಂದು ಕೇಳಿ, ಗೋಡೆಯ ಮೇಲೆ ಗೀರು ಹಾಕಿದರು. "ಕೈಲಿ ಒಂದು ಮನೆ ಐತೆ. ಅದು ಮುಗಿಸ್ಕೊಂಡು ಬತ್ತೀನಿ, ಇಪ್ಪತ್ತು ದಿನ ಆಗ್ತದೆ" ಅಂದರು. ಇಪ್ಪತ್ತು ದಿನವೇ ಎಂದು ನಾವು ಅಪ್ಪ ಮಗ ಮೂಗು ಮುರಿದೆವು.

ಎರಡನೆಯವರು ಮುನಿರಾಜು ಮೇಸ್ತ್ರಿ. ಇವರನ್ನು ನಾವು ಕರೆದಿರಲಿಲ್ಲ. ಆಗಾಗ ಬರುತ್ತಿದ್ದ ಹಾಗೆ ಯಾವುದೋ ಸೀರೆಗಳ ವಿಚಾರ ಕೇಳಲು ಬಂದಿದ್ದರು. ಅಪ್ಪ ಮಗ್ಗದ ಸದ್ದಿನಲ್ಲಿ ಕೇಳಿಸದವರಂತೆ ನಟಿಸಿ, ಮಾತು ತಿರುಗಿಸಲು ಜಗುಲಿಯ ನಕ್ಷೆಯನ್ನು ಮುಂದೆ ಹಿಡಿದರು. ಮೇಸ್ತ್ರಿ ಅದನ್ನು ತಲೆಕೆಳಗಾಗಿ ಹಿಡಿದುಕೊಂಡೇ ಮೆಚ್ಚಿದರು. "ಇದೇನ್ ಮಹಾ ಯಜಮಾನ್ರೇ, ನಾಳೆ ಬೆಳಿಗ್ಗೆ ಕೆಲಸ ಹಿಡಿದ್ಬಿಡ್ತೀನಿ, ಹತ್ತು ದಿನಕ್ಕೆ ನೀವು ಕಾಲ್ಮೇಲೆ ಕಾಲ್ ಹಾಕ್ಕೊಂಡು ಕೂತ್ಕೊಳಿ." ಆ ದನಿ ಎಂಥದ್ದೆನ್ನುತ್ತೀರಿ. ಎದೆಯಲ್ಲಿ ಹುಟ್ಟಿ, ಎಲೆಅಡಿಕೆಯಲ್ಲಿ ನೆನೆದು, 'ಬಿಡ್ತೀನಿ' ಎನ್ನುವಲ್ಲಿ ಸಂಗೀತಗಾರರ ಹಾಗೆ ಒಂದು ಸಣ್ಣ ಸಂಗತಿ ಹಾಕಿ ಇಳಿಯುವ ದನಿ. ಇಂಥ ಕಂಠ ಮನೆಯ ಮುಂದೆ ಹತ್ತು ದಿನ ಇದ್ದರೆ ಕಲಿಯಬಹುದೆಂಬ ಒಂದೇ ಕಾರಣಕ್ಕೆ ನಾನು ಅಪ್ಪನಿಗೆ ಇವರೇ ಆಗಲಿ ಎಂದು ಸನ್ನೆ ಮಾಡಿದೆ. ಮನೆ ಕಟ್ಟುವವನನ್ನು ಧ್ವನಿ ನೋಡಿ ಆರಿಸಿದ ಮೂರ್ಖ ಈ ತಾಲ್ಲೂಕಿನಲ್ಲಿ ನಾನೊಬ್ಬನೇ.

ಹೇಳಿದಂತೆ ಮರುದಿನ ಬೆಳಿಗ್ಗೆ ಬಂದರು. ಮಧ್ಯಾಹ್ನದೊಳಗೆ ಹಾರೆ ಹಾಕಿ ಜಗುಲಿಯನ್ನು ನೆಲಸಮ ಮಾಡಿದರು. ಬಿದ್ದ ಚಪ್ಪಡಿಗಳ ಮೇಲೆ ಒಂದು ಬಾಂಡ್ಲಿ ಇಟ್ಟು, "ಒಂದ್ ಕಲ್ಲೂ ಮುಟ್ಬೇಡಿ, ಅಳತೆ ತಪ್ಪೋಯ್ತದೆ" ಎಂದು ಹೇಳಿ, ಮೊಪೆಡ್ ಹತ್ತಿ ಹೋದರು. ಹೋದವರು ಹೋದರು. ಬಾಂಡ್ಲಿ ಉಳಿಯಿತು.

ಮೊದಲ ವಾರ ಮರಳಿನ ಲಾರಿ ಬಂದಿಲ್ಲ ಎಂದರು. ಎರಡನೇ ವಾರ ಅಮಾವಾಸ್ಯೆ. ಮೂರನೇ ವಾರ ಭಾವಮೈದುನನಿಗೆ ಜ್ವರ. ಅಲ್ಲಿಂದಾಚೆಗೆ ನಾನು ಮೇಸ್ತ್ರಿಯನ್ನು ಏಕವಚನದಲ್ಲೇ ಸ್ಮರಿಸತೊಡಗಿದೆ. ಅವನ 'ನಾಳೆ ಬೆಳಿಗ್ಗೆ ಬಂದ್ಬಿಡ್ತೀನಿ'ಯನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಒಳಗಿನಿಂದ ಒಮ್ಮೆ ಹೇಳಿದ್ದಕ್ಕೆ ಅಪ್ಪ ನಿಜವೆಂದುಕೊಂಡು ಬಾಗಿಲಿಗೆ ಓಡಿಬಂದರು. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ.

ಅಮ್ಮ ನಗುವ ಸ್ಥಿತಿಯಲ್ಲಿರಲಿಲ್ಲ. ಬಾಗಿಲಿನಿಂದ ಬೀದಿಗೆ ಈಗ ಎರಡೂವರೆ ಅಡಿ ಪ್ರಪಾತ. ನಾವು ಗಂಡಸರು ಧುಮುಕುತ್ತಿದ್ದೆವು. ನಾನು ಇಟ್ಟ ಮರದ ಪೆಟ್ಟಿಗೆ ಅಲುಗಾಡುತ್ತದೆಂದು ಅಮ್ಮ ಅದರ ಮೇಲೆ ಕಾಲಿಡಲಿಲ್ಲ. ರತ್ನಮ್ಮ ಮೊದಲು ಕೆಲವು ದಿನ ಕೆಳಗೆ ನಿಂತೇ ಮಾತಾಡಿಸಿದರು. ಕತ್ತೆತ್ತಿ ಎಷ್ಟು ದಿನ ಮಾತಾಡುತ್ತಾರೆ? ಸಭೆ ಅವರ ಜಗುಲಿಗೆ ಹೋಯಿತು. ಅಮ್ಮ ಐದು ಗಂಟೆಗೆ ಎದ್ದು ಬಂದು, ಹೊಸ್ತಿಲ ಮೇಲೆ ನಿಂತು, ಆ ಕಡೆ ನಾಲ್ವರು ನಗುವುದನ್ನು ನೋಡಿ, ಮತ್ತೆ ಹೋಗಿ ರಾಟೆಯ ಮುಂದೆ ಕೂರುತ್ತಿದ್ದರು. ಹೀಗೆ ಮೂರು ತಿಂಗಳು. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಟಕಟ ಎನ್ನುತ್ತಿದೆ.

ಹನುಮಂತಪ್ಪನವರ ಬಳಿ ಹೋಗಿ ಕಾಲಿಗೆ ಬೀಳುವುದೊಂದು ಬಾಕಿ. ಪಾಪ, ಬಂದರು. ಬಾಂಡ್ಲಿ ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದರು. "ಇನ್ನೊಬ್ಬನ ಬಾಂಡ್ಲಿ ಇರೋ ಕಡೆ ನಾವು ಕೈ ಹಾಕಕಿಲ್ಲ ಕಣಪ್ಪ. ಅವ್ನೇ ಬಂದು ಎತ್ಕೊಂಡೋಗ್ಬೇಕು."

"ನಾನೇ ಎತ್ತಿ ಬಿಸಾಕ್ತೀನಿ ಬಿಡಿ ಸ್ವಾಮಿ."

"ನೀನು ಎತ್ತಿದ್ರೆ ನಾನು ಎತ್ತಿಸ್ದೆ ಅಂತಾರೆ. ಸಾಸಲಲ್ಲಿ ಇವತ್ತು ಹೊಸ ಕೆಲಸ ಹಿಡೀತವ್ನೆ, ಹೋಗಿ ಕೇಳು."

ಈಗ ತಿಳಿಯಿತು. ಮೊದಲ ದಿನವೇ ಕೆಡವುವುದು ಚುರುಕುತನವಲ್ಲ. ಕೆಡವಿದ ಮನೆಯವರು ಬೇರೆಲ್ಲಿ ಹೋದಾರು? ಬಾಂಡ್ಲಿ ಮರೆತು ಹೋದದ್ದೂ ಅಲ್ಲ. ಅದು ಟವೆಲ್ಲು.

ಬಾಂಡ್ಲಿಯನ್ನು ಎತ್ತಿಕೊಂಡು ಸಾಸಲಿನ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಮೇಲಿಟ್ಟೆ. ಬಸ್ಸು ತುಂಬಿ ತುಳುಕಿದರೂ ಯಾರೂ ಅದನ್ನು ಸರಿಸಿ ಕೂರಲಿಲ್ಲ. ನನ್ನ ಸಿಟ್ಟಿನ ಭರದಲ್ಲಿ ಹಾಗೆ ಜಾಗ ಹಿಡಿಯುವುದರ ರುಚಿಯನ್ನು ಗಮನಿಸಲಿಲ್ಲ. ಆದರೆ ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ.

ಸಾಸಲಿನಲ್ಲಿ ಒಬ್ಬರು ರೈತರ ಮನೆಯ ಮುಂದೆ ಮುನಿರಾಜು ಮೇಸ್ತ್ರಿ ಹಾರೆ ಹಿಡಿದು ನಿಂತಿದ್ದ. ಜಗುಲಿಗೆ ಇನ್ನೂ ಏಟು ಬಿದ್ದಿರಲಿಲ್ಲ. ನಾನು ಬಾಂಡ್ಲಿಯನ್ನು ಅವನ ಕಾಲ ಬಳಿ ಢಣಾರೆಂದು ಹಾಕಿ, ಮನೆಯ ಯಜಮಾನರ ಕಡೆಗೆ ತಿರುಗಿ, ಮೇಸ್ತ್ರಿಯ ಕಂಠದಲ್ಲೇ ಶುರು ಮಾಡಿದೆ. ಮರಳಿನ ಲಾರಿ, ಅಮಾವಾಸ್ಯೆ, ಭಾವಮೈದುನನ ಜ್ವರ, ಸಂಗತಿ ಸಮೇತ 'ಬಂದ್ಬಿಡ್ತೀನಿ'. ಮೂರು ತಿಂಗಳನ್ನು ಮೂರು ನಿಮಿಷದಲ್ಲಿ ಮಾಡಿ ತೋರಿಸಿದೆ. ಯಜಮಾನರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ, ಎದ್ದು ಬಂದು, ಹಾರೆಯನ್ನು ಮೇಸ್ತ್ರಿಯ ಕೈಯಿಂದ ತೆಗೆದುಕೊಂಡರು.

ಮೇಸ್ತ್ರಿ ಬೈಯುತ್ತಾನೆಂದುಕೊಂಡಿದ್ದೆ. ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಚೆನ್ನಾಗ್ ಮಾಡ್ತೀಯ ತಮ್ಮ. ನಾನೂ ಒಂದ್ ಮಾಡ್ಲಾ?" ಇಲ್ಲದ ಕನ್ನಡಕವನ್ನು ಹಣೆಗೇರಿಸಿ, ಗಂಟಲನ್ನು ಎರಡು ಸಲ ಕೆರೆದು, ಕೈಯಲ್ಲಿ ಗೇಣು ತೋರಿಸಿದ. "ಮಗ್ಗದ್ ಮೇಲೇ ಐತೆ ಮೇಸ್ತ್ರಿ, ಕಣ್ಣಾರೆ ನೋಡು. ಇನ್ನೆರಡ್ ದಿನ."

ಅದು ನಮ್ಮಪ್ಪ. ತದ್ರೂಪ ನಮ್ಮಪ್ಪ. ನನಗಿಂತ ಚೆನ್ನಾಗಿ ಬಂದಿತ್ತು.

"ಮಗಳ ಮದುವೆಗೆ ಅಂತ ಐದು ಸೀರೆ ಹೇಳಿದ್ದೆ" ಅಂದ, ಈಗ ತನ್ನದೇ ದನಿಯಲ್ಲಿ. "ಒಂದು ಗೇಣು ನೇಯ್ದು ಇಟ್ಟವ್ರೆ. ಹೋದಾಗೆಲ್ಲ ಅದೇ ಗೇಣು ತೋರಿಸ್ತಾರೆ. ಹೋದ ತಿಂಗಳು ಮದುವೆ ಆಗೋಯ್ತು. ಅಂಗಡಿ ಸೀರೆ ಉಟ್ಕೊಂಡೇ ಧಾರೆ ಆಯ್ತು."

"ಅದಕ್ಕೇ ನಮ್ಮ ಜಗುಲಿ ಮೇಲೆ ಸೇಡು ತೀರಿಸ್ಕೊಂಡ್ರಾ?"

"ಛೆ, ಸೇಡೆಲ್ಲಿ ಬಂತು. ನಿಮ್ಮಪ್ಪಂಗೆ ನನ್ ಮೇಲೆ ಸೇಡಾ? ಬಂದ ಕೆಲಸ ಇನ್ನೊಬ್ರ ಪಾಲಾಗೋಯ್ತದಲ್ಲ ಅಂತ ಹಿಡ್ಕೋತೀವಿ. ಅವ್ರು ಗೇಣು ಇಡ್ತಾರೆ, ನಾನು ಬಾಂಡ್ಲಿ ಇಡ್ತೀನಿ."

ಆ ಗೇಣು ನನಗೆ ಚೆನ್ನಾಗಿ ಗೊತ್ತು. ಮೆರೂನ್ ಒಡಲು, ಹಸಿರು ಅಂಚು. ನಾಲ್ಕನೇ ಮಗ್ಗ ನನ್ನ ಪಾಲಿನದು. ಮೂರು ಮಗ್ಗದಲ್ಲಿ ವ್ಯಾಪಾರಿಯ ಸೀರೆ ಓಡುತ್ತಿದ್ದರೆ, ನಾಲ್ಕನೆಯದನ್ನು ಬಟ್ಟೆ ಮುಚ್ಚಿ ಬಿಡುವುದು ನನಗೂ ಆರಾಮವಾಗಿತ್ತು. ಜಗುಲಿ ಕೆಡವುವ ಮುಂಚೆ ಈ ಮೇಸ್ತ್ರಿ ಸೀರೆ ಕೇಳಲು ಬಂದಾಗಲೆಲ್ಲ ಅಪ್ಪ ನನ್ನತ್ತ ಕಣ್ಸನ್ನೆ ಮಾಡುತ್ತಿದ್ದರು; ನಾನು ಬಟ್ಟೆ ತೆಗೆದು, ಗೇಣಿನ ಮೇಲಿನ ಧೂಳು ಒರೆಸಿ ಇಡುತ್ತಿದ್ದೆ. ಮದುವೆಗೆಂದು ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ಹತ್ತಾರು ದನಿ ಕದ್ದವನಿಗೆ ಒಬ್ಬ ಮನುಷ್ಯನ ಮಾತೊಂದು ಕಿವಿಗೆ ಬೀಳಲಿಲ್ಲ. ಸಿಟ್ಟಿಗೆ ಅಷ್ಟು ದೂರದಿಂದ ಬಸ್ ಚಾರ್ಜು ಕೊಟ್ಟು ಕರೆತಂದಿದ್ದೆ. ಅದನ್ನು ಇಳಿಸಲು ಅಲ್ಲಿ ಜಾಗವೇ ಇರಲಿಲ್ಲ. ಬಾಂಡ್ಲಿಯನ್ನೂ ಸಿಟ್ಟನ್ನೂ ಹೊತ್ತುಕೊಂಡು ವಾಪಸು ಬಂದೆ.

ಮನೆಯಲ್ಲಿ ಮಗ್ಗಗಳು ಓಡುತ್ತಿದ್ದವು. ಅಮ್ಮನಿಗೆ ಸನ್ನೆಯಲ್ಲೇ ಎಲ್ಲ ಹೇಳಿದೆ: ಕನ್ನಡಕ, ಗೇಣು, ತಾಳಿ. ತಾಳಿಯ ಸನ್ನೆಗೆ ಅಮ್ಮನ ಮುಖ ಬದಲಾಯಿತು. ಎದ್ದು ಹೋಗಿ ನಾಲ್ಕನೇ ಮಗ್ಗದ ಬಟ್ಟೆ ಎಳೆದು ಹಾಕಿದರು. ಅಪ್ಪ ವ್ಯಾಪಾರಿಯ ಮಗ್ಗದ ಕಡೆ ಕೈ ತೋರಿಸಿದರು. ಅಮ್ಮ ಹೋಗಿ ಮೇನ್ ಸ್ವಿಚ್ ಇಳಿಸಿದರು. ನಮ್ಮ ಮನೆಯಲ್ಲಿ ಹಾಡಹಗಲು, ಕರೆಂಟು ಇರುವಾಗ, ಅಂಥ ನಿಶ್ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು.

"ಆ ಹುಡುಗಿ ಧಾರೆಗೆ ಉಡೋ ಸೀರೆ ಅಂತೆ. ಅದರ ಮೇಲೆ ಧೂಳು ಕೂರಿಸಿಟ್ಟಿದೀರಿ ಅಪ್ಪ ಮಗ. ಮೊದಲು ಇದು ಓಡ್ಲಿ, ಆಮೇಲೆ ಮಿಕ್ಕಿದ್ದು."

ಕರೆಂಟು ಹೋಗಿ ಬಂದು, ಆರು ದಿನಕ್ಕೆ ಐದು ಸೀರೆ ಇಳಿದವು. ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತಿದ್ದು ಅಮ್ಮ, ಮಗ್ಗದ ಮುಂದೆ ಅಲುಗಾಡದೆ ನಿಂತಿದ್ದು ನಾನು. ಏಳನೇ ದಿನ ಸೀರೆಗಳನ್ನು ಕಂಕುಳಲ್ಲಿಟ್ಟುಕೊಂಡು ಅಮ್ಮ ಬಾಗಿಲಿಗೆ ಬಂದರು. ಕೆಳಗೆ ಬಿದ್ದಿದ್ದ, ಮೂರು ತಿಂಗಳಿಂದ ನಾವ್ಯಾರೂ ಭಕ್ತಿಯಿಂದ ಮುಟ್ಟದಿದ್ದ ಚಪ್ಪಡಿಗಳನ್ನು ನೋಡಿ, ಎರಡನ್ನು ಒಂದರ ಮೇಲೊಂದು ಇಡು ಅಂದರು. ಇಟ್ಟೆ. ಅದರ ಮೇಲೆ ಬಾಂಡ್ಲಿ ಬೋರಲು ಹಾಕು ಅಂದರು. ಹಾಕಿದೆ, ಅಲುಗದ ಹಾಗೆ ಇಟ್ಟಿಗೆ ಚೂರು ಕೊಟ್ಟೆ. ನನ್ನ ಹೆಗಲು ಹಿಡಿದು, ಬಾಂಡ್ಲಿಯ ಬೆನ್ನ ಮೇಲೆ ಕಾಲಿಟ್ಟು, ಅಮ್ಮ ಬೀದಿಗೆ ಇಳಿದರು. ಎದುರು ಜಗುಲಿಯಲ್ಲಿ ರತ್ನಮ್ಮ ಎದ್ದು ನಿಂತರು.

ಸೀರೆಗಳು ಮೇಸ್ತ್ರಿಯ ಮನೆ ಸೇರಿದ ಮರುದಿನ ಬೆಳಿಗ್ಗೆ ಮೊಪೆಡ್ ಬಂತು. ಮೇಸ್ತ್ರಿ ಇಳಿದು ಸುತ್ತ ನೋಡಿ, "ಬಾಂಡ್ಲಿ ಎಲ್ಲಮ್ಮ?" ಅಂದರು.

"ಅದೀಗ ನನ್ನ ಮೆಟ್ಲು. ಬೇರೆ ಮೆಟ್ಲು ಆದ ದಿನ ತಗೊಂಡ್ಹೋಗಿ."

"ಬಾಂಡ್ಲಿ ಇಲ್ದೆ ಕಲಸೋದೆಂಗಮ್ಮ?"

"ಇನ್ನೂ ಯಾರ ಮನೆ ಮುಂದಾದ್ರೂ ಒಂದು ಇಟ್ಟಿರ್ತೀರಲ್ಲ, ಅದನ್ನ ತನ್ನಿ."

ಅವರು ತಂದರು. ಒಂಬತ್ತು ದಿನಕ್ಕೆ ಜಗುಲಿ ಎದ್ದಿತು, ತಗ್ಗಿನ ಎರಡು ಮೆಟ್ಟಿಲು ಸಮೇತ. ಬುಟ್ಟಾ ಬಾಗಿಲಿಗೆ ಅಡ್ಡ ಬರಲಿಲ್ಲ. ರತ್ನಮ್ಮ ಮೊದಲ ದಿನವೇ ಬಂದು ಕೂತು, ಕೆಂಪು ನೆಲ ತಣ್ಣಗೆ ಕೊರೆಯುತ್ತದೆ ಎಂದು ದೂರಿದರು. ಅಮ್ಮ ತುಂಬ ಹೊತ್ತು ನಕ್ಕರು. ಮೇಸ್ತ್ರಿಯ ಮಗಳು ಆ ಮೆರೂನ್ ಸೀರೆ ಉಟ್ಟಳೋ ಇಲ್ಲವೋ ತಿಳಿಯದು. ಜಗುಲಿಯನ್ನು ತಡವಾಗಿ ಕಟ್ಟಬಹುದು, ಧಾರೆಯನ್ನು ಮತ್ತೆ ಎರೆಯಲಾಗದು. ಆ ಸಿಟ್ಟನ್ನು ನನ್ನ ಹೆಸರಿನಲ್ಲೇ ಇಟ್ಟುಕೊಂಡಿದ್ದೇನೆ.

ಮೊನ್ನೆ ಮತ್ತೆ ಮೆಜೆಸ್ಟಿಕ್ಕು, ಮತ್ತೆ ಟವೆಲ್ಲು, ಮತ್ತೆ ಮೈಯೆಲ್ಲ ಉರಿ. ಆದರೆ ಈ ಸಲ ಕಿಟಕಿಯಿಂದಾಚೆ ಅದರ ಒಡೆಯನನ್ನು ಹುಡುಕಿದೆ. ಟೀ ಅಂಗಡಿಯ ಮುಂದೆ ಒಬ್ಬ ನಿಂತಿದ್ದ. ಒಂದು ಗುಟುಕಿಗೊಮ್ಮೆ ಬಸ್ಸಿನ ಕಡೆ ನೋಡುತ್ತ, ನಾಲಿಗೆ ಸುಟ್ಟುಕೊಳ್ಳುತ್ತಿದ್ದ. ನಿಧಾನವಾಗಿ ಕುಡಿಯುವವನ ಲಕ್ಷಣ ಒಂದೂ ಇರಲಿಲ್ಲ. ಟವೆಲ್ಲನ್ನು ಎತ್ತಿದೆ. ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಪಕ್ಕ ಅವನಿಗೆ ಬಿಟ್ಟು, ಅಂಚಿನಲ್ಲಿ ಕೂತೆ. ಅವನು ಬಂದು ನನ್ನನ್ನೂ ಟವೆಲ್ಲನ್ನೂ ದುರುಗುಟ್ಟಿ ನೋಡಿದ. ನಾನೂ ಬಿಡಲಿಲ್ಲ, ಅಷ್ಟೇ ದುರುಗುಟ್ಟಿದೆ.

"ತಗೊಳ್ಳಿ ನಿಮ್ಮ ಟವೆಲ್ಲು" ಅಂದೆ. "ಸ್ವಲ್ಪ ಸರ್ಕೊಂಡ್ರೆ ಇನ್ನೊಬ್ರು ಕೂರಬೋದು ಗುರು."

ಗೊಣಗಿಕೊಂಡೇ ಕಿಟಕಿಯ ಕಡೆ ಸರಿದ.