ಹೊಸ್ತಿಲ ಹೊರಗಿನ ನೀಲಿ ಚಪ್ಪಲಿ

ಮೊನ್ನೆ ಹೊಸಪೇಟೆಯಲ್ಲಿ ಮಗಳಿಗೆ ಚಪ್ಪಲಿ ಕೊಡಿಸಲು ಹೋಗಿದ್ದೆ. ಅಂಗಡಿಯವನು ಡಬ್ಬಿ ತೆರೆದಿದ್ದೇ ತಡ, ಹೊಸ ರಬ್ಬರಿನ ವಾಸನೆ ಗಪ್ಪಂತ ಮೂಗಿಗೆ ಬಡಿಯಿತು. ನೀಲಿ ಪಟ್ಟಿ, ಪುಟ್ಟ ಅಳತೆ... ಹಂಪಿಯ ನಮ್ಮ ಪಕ್ಕದ ಮನೆಯ ದೊಡ್ಡವ್ವ ಕಣ್ಣ ಮುಂದೆ ಬಂದು ನಿಂತಳು.

ರಕ್ತಸಂಬಂಧವೇನಲ್ಲ, ಕರೆದು ರೂಢಿ. ಮನೆಯ ಎರಡು ಕೋಣೆಗಳನ್ನು ಫಾರಿನ್ನಿನವರಿಗೆ ಬಾಡಿಗೆಗೆ ಕೊಡುತ್ತಿದ್ದಳು, ನಾನು ಆಟೋದಲ್ಲಿ ಗಿರಾಕಿಗಳನ್ನು ತಂದು ಬಿಡುತ್ತಿದ್ದೆ. ಬಾಯಿ ಭಾಳ ಜೋರು. ಯಾರೇ ಬರಲಿ, ಹೊಸ್ತಿಲ ಹೊರಗೆ ಚಪ್ಪಲಿ ಬಿಡಬೇಕು, ಅದೂ ಜೋಡಿಸಿ ಬಿಡಬೇಕು. ಬೂಟು ಹಾಕಿಕೊಂಡು ಒಳಗೆ ಕಾಲಿಟ್ಟವರಿಗೆ ಕನ್ನಡದಲ್ಲೇ ಮಂಗಳಾರತಿ ಆಗುತ್ತಿತ್ತು.

ಒಂದು ಮಳೆಗಾಲ ಹಾಲೆಂಡಿನಿಂದ ತಾಯಿ ಮಗಳು ಬಂದಿಳಿದರು. ಮಗಳಿಗೆ ಒಂಬತ್ತು ವರ್ಷವಿದ್ದೀತು. ಅವಳ ಲ್ಯಾಪ್‌ಟಾಪಿನಲ್ಲಿ ಅವರ ದೇಶದ ಟೀವಿ ಧಾರಾವಾಹಿ ಇತ್ತು. ಮಕ್ಕಳ ಪತ್ತೇದಾರಿ ಕತೆ, ಯಾವುದೋ ಕಾದಂಬರಿಯಿಂದ ಮಾಡಿದ್ದಂತೆ. ಮೂವರು ಮಕ್ಕಳು ಪಾಳುಬಿದ್ದ ಚರ್ಚಿನಲ್ಲಿ ಅಡಗಿ ಕೂತು ಕಳ್ಳನಿಗೆ ಕಾಯುತ್ತಾರೆ. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ದೊಡ್ಡವ್ವ ಅವಳ ಜೊತೆ ನೋಡುತ್ತಿದ್ದಳು. ಡಚ್ ಭಾಷೆಯ ಗಂಧಗಾಳಿ ಇಲ್ಲ. ಆದರೂ ನನ್ನನ್ನು ಕರೆದು, "ಆ ಟೊಪ್ಪಿಗಿಯವನೇ ಕಳ್ಳ ನೋಡಲೇ, ಮಾರಿ ನೋಡಿದ್ರ ಗೊತ್ತಾಗತೈತಿ" ಅನ್ನುವಳು. ಹುಡುಗಿ ಅಲ್ಲವೆಂದು ತಲೆಯಾಡಿಸಿ ನಗುವಳು.

ಕೊನೆಯ ಕಂತು ಬಾಕಿಯಿತ್ತು. ಆ ಸಂಜೆ ಹುಡುಗಿ ಕಾಣಲಿಲ್ಲ.

ಅವತ್ತೇ ಡ್ಯಾಮಿನ ಗೇಟು ತೆಗೆದಿದ್ದರು. ಹೊಳೆ ಕೆಂಪಗೆ ಏರುತ್ತಿತ್ತು. ಹಿಂದಿನ ದಿನ ಅವಳು ಹೊಳೆಯ ಮೆಟ್ಟಿಲ ಮೇಲೆ ಆಡಿದ್ದನ್ನು ಕಂಡವರಿದ್ದರು, ಹಾಗಾಗಿ ಓಣಿಗೆ ಓಣಿಯೇ ಅಲ್ಲಿಗೆ ಓಡಿತು. ಆ ತಾಯಿ ನೀರಿಗೆ ಇಳಿಯದಂತೆ ಹೆಂಗಸರು ರಟ್ಟೆ ಹಿಡಿದು ನಿಂತಿದ್ದರು. ಅವಳು ಮಗಳ ಹೆಸರು ಕೂಗುತ್ತಿದ್ದ ದನಿ ಈಗಲೂ ಕಿವಿಯಲ್ಲಿದೆ...

ಅಷ್ಟರಲ್ಲಿ ದೊಡ್ಡವ್ವನ ಗಂಡ ಗುಡ್ಡದ ಕಡೆಯಿಂದ ಬಂದರು. "ಅಕಡಿ ಯಾರೂ ಇಲ್ಲ. ಒಂದು ಹಾಳು ಗುಡಿ ಮುಂದ ಕುರಿ ಕಾಯೋ ಹುಡುಗ್ರವು ಚಪ್ಪಲಿ ಅದಾವು, ಅಷ್ಟ."

"ಒಳಗ ಹೋಗಿ ನೋಡಿದ್ರೇನು?" ದೊಡ್ಡವ್ವ ಕೇಳಿದಳು.

"ದಾರ್ಯಾಗಿಂದ ಕೂಗಿದೆ. ಫಾರಿನ್ ಹುಡುಗಿ ದೇವರಿಲ್ಲದ ಗುಡಿ ಮುಂದ ಯಾಕ ಚಪ್ಪಲಿ ಬಿಡತೈತಿ?"

"ನನ್ನ ಮನ್ಯಾಗ ಇರೋ ಹುಡುಗಿ ಬಿಡತೈತಿ" ಅಂದವಳೇ ನನ್ನ ಕಡೆ ತಿರುಗಿದಳು. "ಲೇ, ಆಟೋ ತೆಗಿ. ಜಲ್ದಿ."

ಎಲ್ಲರೂ ಹೊಳೆಯ ಕಡೆ, ನಾವಿಬ್ಬರು ಗುಡ್ಡದ ಕಡೆ. ಬೆಳಕು ಕಮ್ಮಿಯಾಗುತ್ತಿತ್ತು. ಇವಳ ಲೆಕ್ಕ ತಪ್ಪಿದರೆ ಹೊಳೆಯಲ್ಲಿ ಹುಡುಕುವ ಹೊತ್ತೂ ಕೈತಪ್ಪುತ್ತದೆ ಎಂದು ನನಗೆ ಭಯ. ದಾರಿಯುದ್ದಕ್ಕೂ ದೊಡ್ಡವ್ವ ಆಟೋದಿಂದ ತಲೆ ಹೊರಹಾಕಿ ಆ ಹಾಳು ಗುಡಿಯನ್ನೇ ಹುಡುಕುತ್ತಿದ್ದಳು.

ಗುಡಿಯ ಬಾಗಿಲಲ್ಲಿ ಪುಟ್ಟ ನೀಲಿ ಚಪ್ಪಲಿ. ಜೋಡಿಸಿ ಬಿಟ್ಟಿದ್ದವು.

ದೊಡ್ಡವ್ವ ತನ್ನ ಚಪ್ಪಲಿ ಬಿಡಲಿಲ್ಲ. ಮೆಟ್ಟಿಕೊಂಡೇ ಹೊಸ್ತಿಲು ದಾಟಿ ಒಳಗೆ ಓಡಿದಳು. ಒಳಗೆ, ಬಿದ್ದ ಕಂಬದ ಹಿಂದೆ, ಎರಡು ಕಲ್ಲುಗಳ ಸಂದಿಯಲ್ಲಿ ಹುಡುಗಿಯ ಕಾಲು ಸಿಕ್ಕಿಕೊಂಡಿತ್ತು. ಧಾರಾವಾಹಿಯ ಮಕ್ಕಳಂತೆ ಕಳ್ಳನಿಗೆ ಕಾಯಲು ಬಂದಿದ್ದಳಂತೆ. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ನಾನು ಕಲ್ಲು ಸರಿಸಿದೆ. ದೊಡ್ಡವ್ವ ಅವಳನ್ನು ಎದೆಗವಚಿಕೊಂಡು, "ಕಳ್ಳ ಸಿಕ್ನೇನವಾ?" ಎಂದು ಕೇಳಿ, ಗಳಗಳ ಅತ್ತುಬಿಟ್ಟಳು.

ಹುಡುಗಿ ಊರಿಗೆ ಹೊರಡುವ ಮೊದಲು ಇಬ್ಬರೂ ಕೂತು ಕೊನೆಯ ಕಂತು ನೋಡಿದರು. ಟೊಪ್ಪಿಗೆಯವನು ಕಳ್ಳನಾಗಿರಲಿಲ್ಲ. ದೊಡ್ಡವ್ವ ಮಾತ್ರ ಕೊನೆವರೆಗೂ ಒಪ್ಪಲಿಲ್ಲ.

ಅವಳು ತೀರಿಕೊಂಡಾಗ ನಾನು ಆಟೋ ಬಾಡಿಗೆಯ ಮೇಲೆ ಸಂಡೂರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮುಖ ನೋಡಲಾಗಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ...

ಮೊನ್ನೆ ಅಂಗಡಿಯಿಂದ ಮನೆಗೆ ಬಂದಾಗ ಮಗಳು ಹೊಸ ಚಪ್ಪಲಿಯನ್ನು ಬಾಗಿಲಲ್ಲಿ ಅಲ್ಲೊಂದು ಇಲ್ಲೊಂದು ಎಸೆದು ಒಳಗೆ ಓಡಿದಳು. ಬಗ್ಗಿ ಜೋಡಿಸಿಟ್ಟೆ.

"ಯಾಕಪ್ಪಾ?" ಎಂದಳು.

"ಯಾರರ ಹುಡುಕ್ಕೊಂಡು ಬಂದ್ರ ಗೊತ್ತಾಗ್ಲಿ ಅಂತ" ಅಂದೆ.

ಹಾಗೆ ಹುಡುಕಿಕೊಂಡು ಬರುವವಳು ಈಗ ಇಲ್ಲ.